ಆ ಅಂಕಿಯ ಹೆಸರು

ಲಾಸ್ ವೇಗಸ್‌ನ ಕ್ಯಾಸಿನೊ ಒಂದರಲ್ಲಿ ತಿಂಡಿಯ ಸಾಲಿನಲ್ಲಿ ನಿಂತ ಮುದುಕಿ ಓಪಲ್‌ಗೆ ಮುಂದಿದ್ದ ಗಂಡಹೆಂಡಿರ ಮಾತು ಕಿವಿಗೆ ಬಿತ್ತು.

“ವೆರ್ನನ್, ನಾನು ಮೊದಲ ಸಲ ದಾಳ ಎಸೆದಾಗ ಎಂಟು ಬಿತ್ತು, ಅಲ್ವಾ?”

“ಬಿತ್ತು ಕಣೇ.”

“ಏಳು ಬೀಳೋಕೆ ಮುಂಚೆ ಇನ್ನೊಂದು ಎಂಟು ಬಿದ್ದಿದ್ರೆ, ನನ್ನ ಕಡೆ ಹಣ ಕಟ್ಟಿದವರೆಲ್ಲ ಗೆಲ್ತಿದ್ರು.”

“ಆದ್ರೆ ಏಳೇ ಬಿತ್ತಲ್ಲ, ಲುಯೆಲಾ.”

“ಎಲ್ರ ಮುಖ ಬಾಡ್ತು. ನಿಮ್ಮೊಬ್ಬರದ್ದು ಯಾಕ್ರೀ ಅರಳ್ತು?”

ವೆರ್ನನ್ ಚಮಚ ಹುಡುಕತೊಡಗಿದ.

“ದಾಳ ಉರುಳೋವಾಗ ಆ ಅಂಕಿ ಹೆಸರನ್ನ ಅಪಶಕುನ ಅಂತ ಯಾರೂ ಬಾಯಿಗೆ ತರಲ್ಲ. ನೀವು ಏಳು, ಏಳು ಅಂತ ಗುನುಗ್ತಿದ್ರಿ. ಕಟ್ಟಿಕೊಂಡ ಹೆಂಡತಿ ಸೋಲ್ತಾಳೆ ಅಂತ ಪಣ ಕಟ್ಟಿದ್ರಲ್ಲ.”

“ಲೆಕ್ಕ ಹಾಗಿದೆ ಕಣೇ. ಎರಡು ದಾಳದಲ್ಲಿ ಎಂಟಕ್ಕಿಂತ ಏಳೇ ಜಾಸ್ತಿ ಬೀಳೋದು.”

“ಹಾಗಾದ್ರೆ ಆ ಲೆಕ್ಕದ ಜೊತೇನೇ ತಿಂಡಿ ತಿನ್ನಿ.”

“ಕೋಪ ಮಾಡ್ಕೋಬೇಡ. ತಿಂದು ಹೋಗಿ ಮತ್ತೆ ಎಸಿ. ಈ ಸಲ ನಿನ್ನ ಕಡೆಗೇ ಕಟ್ತೀನಿ.”

“ನಂಬಿದೆ, ಬಿಡಿ. ಮತ್ತೆ ಏಳು ಬಿದ್ರೆ?”

“ಶ್! ಅದರ ಹೆಸರು ಎತ್ತಬೇಡ್ವೇ.”

ಲುಯೆಲಾ ಗಂಡನ ಮುಖವನ್ನೊಮ್ಮೆ ನೋಡಿದಳು. ತನ್ನ ತಟ್ಟೆಯ ದೊಡ್ಡ ಬಿಸ್ಕಿಟ್ಟನ್ನು ಅವನ ತಟ್ಟೆಗೆ ಹಾಕಿ, ತಿಂಡಿಯ ಮೇಜಿನತ್ತ ನಡೆದಳು.