ತಾನಾಗಿಯೇ ದಾರಿ ತಪ್ಪಿ

ಇನ್ನೊಂದು ಸಲ ಓದು. ಆ ಸಾಲೊಂದೇ ಸಾಕು.

"ತಾನಾಗಿಯೇ ದಾರಿ ತಪ್ಪಿ, ಬಂಡೆಯ ಅಂಚಿನಿಂದ ಕಡಲಿಗೆ ಜಾರಿ..." ಹೂಂ. ಯಾತ್ರಾ ಕಚೇರಿಯಲ್ಲಿ ನಿನ್ನನ್ನ ಇದಕ್ಕೇ ಇಟ್ಟುಕೊಂಡಿರೋದಾ? ಒಡಹುಟ್ಟಿದ ಅಕ್ಕ ಸತ್ತು ಹನ್ನೆರಡು ದಿನ ಆಗಿಲ್ಲ, ನನ್ನ ಬಾಮೈದ ನೀನೇ ಬರೆದು ತಂದೆ. ಈ ಹೇಳಿಕೆಗೆ ನಾನು ಸಹಿ ಹಾಕಲ್ಲ.

ಕೂತ್ಕೋ ಅಂತ ಯಾರೂ ಹೇಳಲಿಲ್ಲ. ಅದು ಅವಳ ಕುರ್ಚಿ.

ಮೂವತ್ತೊಂದು ಸಲ ನಡೆದವಳು ಕಣಯ್ಯ. ಲೈಟ್‌ಹೌಸ್ ಹತ್ತಿರದ ಸನ್ನಿಧಿಗೆ ಮೂರು ದಿನದ ದಾರಿ. ಆಗ ಎಲ್ಲರದ್ದೂ ಬರಿಗಾಲು. ಎಡಗಡೆ ಕಡಲು ಕೇಳಿಸ್ತಾನೇ ಇರಬೇಕು, ಅದೇ ಯಾತ್ರೆ. ಬಂಡೆ ಮೇಲೆ ಬಿಳಿ ಬಾಣ ನೋಡ್ಕೊಂಡು ಹೋಗೋರು. ಮೊದಲು ನಮ್ಮಪ್ಪ ಬಳೀತಿದ್ದ. ಆಮೇಲೆ ನಾನು.

ನೀವು ಬಂದ್ರಿ. ಅಂಚು ಕುಸೀತಿದೆ ಅಂದ್ರಿ. ದಾರಿ ತಗೊಂಡು ಹೋಗಿ ಗುಡ್ಡದ ಹಿಂದೆ ಹಾಕಿದ್ರಿ. ಟಾರು ರಸ್ತೆ, ಚೀಲ ಹೊರೋಕೊಂದು ವ್ಯಾನು, ಕಾಲು ನೋವಾದ್ರೆ ಮನುಷ್ಯರಿಗೂ ಅದೇ ವ್ಯಾನು. ಕಡಲೇ ಕಾಣದ ಕಡಲ ಯಾತ್ರೆ. ಇನ್ನು ಬಾಣ ಬಳಿಯೋದು ಬೇಡ ಅಂತ ನನಗೊಂದು ಥ್ಯಾಂಕ್ಸ್ ಪತ್ರ. ಅದನ್ನ ಓದಿ ಹೇಳಿದ್ದೂ ಅವಳೇ.

ಏನು ತಲೆ ಅಲ್ಲಾಡಿಸ್ತೀಯ? ಕಡಲ ದಾರಿ ಮುಚ್ಚಿದೆ ಅನ್ನೋ ನಿಮ್ಮ ಬೋರ್ಡು ಕವಲಲ್ಲಿ ಎಲ್ಲಿತ್ತು? ಬಿದ್ದುಹೋಗಿತ್ತು, ನನಗೆ ಗೊತ್ತು.

ಫೋಟೋ ಇದೆಯಾ? ಕೊಡು.

...ನಿಂತಿದೆ. ಸರಿ.

ಉಳಿದವರೆಲ್ಲ ವ್ಯಾನು ಹತ್ತಿದ್ರಂತೆ. ಇವಳು ನಡೀತೀನಿ ಅಂದಳಂತೆ. ಬೋರ್ಡು ಓದಿರ್ತಾಳೆ. ಸರಾಗ ಓದೋಳು, ನನ್ನ ಹಾಗೆ ಒಂದೊಂದೇ ಅಕ್ಷರ ಕೂಡಿಸೋಳಲ್ಲ. ಓದಿಯೂ ಕಡಲ ಕಡೆ ಯಾಕೆ ಹೋದಳು? ಕೇಳು. ಪೊಲೀಸರೂ ಕೇಳಿದ್ರು. ನೀನು ಯಾಕೆ ಕೇಳ್ತಿಲ್ಲ?

ಈ ಫೋಟೋ ಯಾಕೆ ಅರ್ಧ ಮಡಚಿದ್ದೀಯ?

ಬಿಡಿಸಲ್ವಾ. ಬೇಡ ಬಿಡು. ಆ ಅರ್ಧದಲ್ಲಿ ಏನಿದೆ ಅಂತ ನನಗೆ ಗೊತ್ತು.

ಹೋದ ತಿಂಗಳು ಮತ್ತೆ ಬಾಣ ಬಳಿದೆ. ನಿಮ್ಮ ಬೋರ್ಡಿನ ಎದುರಿಗೇ, ಬೇಕಂತಲೇ, ಎರಡು ಕೋಟ್. ನಾಲ್ಕು ಜನ ಹಳಬರಾದ್ರೂ ನಿಮ್ಮ ರಸ್ತೆ ಬಿಟ್ಟು ಬರಲಿ ಅಂತ. ಅವಳಿಗೆ ಹೇಳಿರಲಿಲ್ಲ. ಮಂಡಿ ನೋವಿತ್ತು, ವ್ಯಾನಲ್ಲೇ ಹೋಗ್ತಾಳೆ ಅಂದ್ಕೊಂಡಿದ್ದೆ.

ನನ್ನ ಬಾಣ ಅವಳಿಗೆ ಗುರುತು ಸಿಗದೆ ಇರುತ್ತಾ? ಪ್ರತಿ ವರ್ಷ ನಾನು ಕೊನೇವರೆಗೂ ನಡೆದು, ಅಂಚು ಗಟ್ಟಿ ಇದೆಯಾ ಅಂತ ಕಾಲಲ್ಲಿ ಒತ್ತಿ ನೋಡಿಯೇ ಬಳೀತಿದ್ದೆ. ಈ ಸಲವೂ ನೋಡಿರ್ತಾನೆ ಅಂದ್ಕೊಂಡಳು.

ನೋಡಿರಲಿಲ್ಲ. ಕವಲಲ್ಲೇ ಬಳಿದು ವಾಪಸ್ ಬಂದೆ.

ಮಾತಾಡೋ. ಬೈಯಿ. ಎಲ್ಲ ಗೊತ್ತಿದ್ದೂ ಹೀಗೆ ಬರೆದು ತಂದೆಯಾ? ನನ್ನನ್ನ ಉಳಿಸೋಕೆ ತಪ್ಪು ಅವಳ ತಲೆಗೆ ಕಟ್ಟಿದೆಯಾ? ಯಾರು ಕೇಳಿದ್ರು ನಿನ್ನ ಉಪಕಾರ?

ಹೊಡೆದುಹಾಕು ಆ ಸಾಲು. ದಾರಿ ತಪ್ಪಲಿಲ್ಲ ಅಂತ ಬರಿ. ಗಂಡ ತೋರಿಸಿದ ಕಡೆಗೇ ಹೋದಳು ಅಂತ ಬರಿ. ದೊಡ್ಡ ಅಕ್ಷರದಲ್ಲಿ ಬರಿ, ನನಗೂ ಓದೋಕೆ ಆಗಬೇಕು.