ಗಂಟಲು ನೋವಿನ ಚೀಟಿ

ಇಲ್ಲ ಮಿಸ್, ಕೂತ್ಕೊಳ್ಳೋಕೆ ಟೈಮಿಲ್ಲ... ಈ ಚೀಟಿ ಕೊಟ್ಟು ಹೋಗೋಣ ಅಂತ ಬಂದೆ. ಮಗಳಿಗೆ ಎದ್ದಾಗಿಂದ ಗಂಟಲು ನೋವು. ನಾಳೆ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣ ಅವಳ ಕೈಲಾಗಲ್ಲ. ಬೇರೆ ಯಾರಿಗಾದ್ರೂ ಕೊಟ್ಬಿಡಿ. ಅವಳೇ ಹೇಳಿ ಕಳಿಸಿದ್ದು, ಪಾಪ.

ಯಾಕ್ ನಗ್ತೀರಾ? ಏನು... ಬೆಳಗ್ಗೆ ಹಾಜರಿ ಕೂಗಿದ್ಲಾ? ನಲವತ್ತೆರಡು ಹೆಸರೂ? ಓಹೋ... ಹಠಮಾರಿ ಮಿಸ್ ಅವಳು, ನೋವು ನುಂಗ್ಕೊಂಡು ಕೂಗಿರ್ತಾಳೆ!

ಅಯ್ಯೋ, ನಿಮ್ಮನ್ನ ದೂರ್ತಿಲ್ಲ. ಉಗ್ಗುತ್ತಾಳೆ ಅಂತ ಹಿಂದಿನ ಶಾಲೇಲಿ ಕೊನೇ ಬೆಂಚಿಗೆ ತಳ್ಳಿದ್ರು. ನೀವು ಹಾಜರಿ ಪುಸ್ತಕಾನೇ ಕೈಗೆ ಕೊಟ್ರಿ. ಮೊದಲು ದಿನಕ್ಕೆ ಮೂರು ಹೆಸರು, ಆಮೇಲೆ ಒಂದು ಸಾಲು... ಅವಳು ಮುಗಿಸೋವರೆಗೂ ಯಾರೂ ತುಟಿ ಬಿಚ್ಚೋ ಹಾಗಿಲ್ಲ, ನೀವೂ ಬಿಚ್ಚಲ್ಲ. ಆ ಆಟದ ಮೇಷ್ಟ್ರಂತೂ ಸೀಟಿ ಜೇಬಿಗೆ ಹಾಕ್ಕೊಂಡು, ಇವಳ ಬಾಯಲ್ಲೇ 'ಓಡಿ' ಅನ್ನಿಸ್ತಾರಂತೆ! ಇಪ್ಪತ್ತು ಮಕ್ಕಳು ಒಂದು ಕಾಲು ಮುಂದಿಟ್ಕೊಂಡು, ಇವಳ 'ಓ... ಓ...' ಮುಗಿಯೋವರೆಗೂ ಕಾಯ್ತಾ... ನೆನೆಸ್ಕೊಂಡ್ರೆ ನಗು ಬರುತ್ತೆ. ಅಳೂನೂ.

ಆದ್ರೂ ಅಷ್ಟು ಜನರ ಮುಂದೆ ಮೈಕು... ಬೇಡ ಮಿಸ್. ತಾಯಿ ಕರುಳು ಅಂತಾರಲ್ಲ, ಅದು.

ಹೀಗೆ ಕೈ ಕಟ್ಕೊಂಡು ನೋಡ್ಬೇಡಿ. ನಾನೇನು ನಿಮ್ಮ ನಾಲ್ಕನೇ ಕ್ಲಾಸಿನವಳಾ? ಏನಾದ್ರೂ ಹೇಳಿ...

ಸರಿ, ಕೂತ್ಕೋತೀನಿ. ಎರಡೇ ನಿಮಿಷ. ಈ ಬೆಂಚು ನನ್ನ ಸೊಂಟದ ಅಳತೆಗೆ ಮಾಡಿದ್ದಲ್ಲ ಬಿಡಿ.

ಇಷ್ಟು ವರ್ಷ ಮಿಸ್... ಅವಳು ಶುರುಮಾಡ್ತಿದ್ಲು, ನಾನು ಮುಗಿಸ್ತಿದ್ದೆ. ಡಾಕ್ಟರ ಹತ್ರ, ಅಂಗಡೀಲಿ, ಬಸ್ಸಲ್ಲಿ. 'ನೀ' ಅಂದ್ರೆ ನೀರು, ಅದೂ ಬಿಸಿನೀರು ಅಂತ ನಂಗೊಬ್ಬಳಿಗೇ ಗೊತ್ತಾಗ್ತಿತ್ತು. ಅವರಪ್ಪ ಬದುಕಿದ್ದಾಗಲೇ ಮಾತಿಗೆ ಬರ, ಈಗಂತೂ ಗೋಡೆ ಮೇಲಿದಾರೆ. ನಂದು ಲೈಬ್ರರಿ ಕೆಲಸ, ದಿನವಿಡೀ ಬಾಯಿಗೆ ಬೀಗ. ಮನೇಲಿ ಮಾತು ಅಂತ ಇದ್ದಿದ್ದು ಅವಳದ್ದು ಅರ್ಧ, ನಂದು ಅರ್ಧ.

ನಿನ್ನೆ ಚಪ್ಪಲಿ ಅಂಗಡಿಗೆ ಹೋಗಿದ್ವಿ. ನಾಳೆಗೆ ಅಂತ ಕಪ್ಪು ಶೂ. 'ಯಾವ ಸೈಜು ಪುಟ್ಟೀ?' ಅಂದ ಅವನು. ಇವಳು 'ಮೂ...' ಅಂದ್ಲು. ನಾನು ಬಾಯಿ ತೆಗೆದೆ ಅಷ್ಟೇ... ಅಷ್ಟೇ ಮಿಸ್... ನನ್ನ ಬಾಯಿ ಮುಚ್ಚಿಬಿಟ್ಲು. ಕೈಯಿಂದ. ಎಲ್ಲರ ಮುಂದೆ. ಹಾಗೇ ಮುಚ್ಕೊಂಡು, ನಿಧಾನಕ್ಕೆ, 'ಮೂ... ಮೂರು' ಅಂದ್ಲು. ಅಂಗಡಿಯವನು ಭೇಷ್ ಅಂದ. ನಾನೂ ನಕ್ಕೆ. ನಗಬೇಕಲ್ಲ.

ಏನೂ ಕೇಳ್ತಿಲ್ವಲ್ಲ ನೀವು! ಎದುರಿಗಿರೋರು ಇಷ್ಟು ಹೊತ್ತು ಸುಮ್ಮನಿದ್ರೆ ಮನುಷ್ಯ ಏನ್ ಮಾಡ್ಬೇಕು?

...

ಗಂಟಲು ನೋವಿಲ್ಲ. ನಾನಿಲ್ಲಿಗೆ ಬಂದಿರೋದು ಅವಳಿಗೆ ಗೊತ್ತಿಲ್ಲ. ಬೆಳಗ್ಗೆ ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಇಡೀ ಭಾಷಣ ಹೇಳ್ಕೊಂಡ್ಲು ಮಿಸ್, ನಾಲ್ಕು ಸಲ. ಎಲ್ಲೆಲ್ಲೋ ಸಿಕ್ಕಿಹಾಕ್ಕೊಂಡು, ತಾನೇ ಬಿಡಿಸ್ಕೊಂಡು... ನಾನು ಟವೆಲ್ ಹಿಡ್ಕೊಂಡು ಹೊರಗೆ ನಿಂತಿದ್ದೆ. ಕರೀತಾಳೆ ಅಂತ.

ಒಂದು ಸಲಾನೂ ಕರೀಲಿಲ್ಲ.