ಬ್ಯಾಟರಿ ನೀರು

ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು. ಇದು ಕಟ್ಟಿದ ಕತೆಯಲ್ಲ. ಪಂಚಾಕ್ಷರಪ್ಪ ನಮ್ಮ ಅಜ್ಜಿಯ ತಂಗಿಯ ಮಗ. ಮಹಾರಾಜರ ಕಾಲದಲ್ಲಿ, ಹೊಳಲ್ಕೆರೆ ಸೀಮೆಗೆ ರೇಡಿಯೋ ಇನ್ನೂ ಹೊಸದಾಗಿದ್ದಾಗ, ಅದನ್ನು ಬಿಚ್ಚಿ ಜೋಡಿಸಲು ಬರುತ್ತಿದ್ದದ್ದು ಅವನೊಬ್ಬನಿಗೇ. ಅದಕ್ಕೆ ತಕ್ಕ ಜಂಬವೂ ಇತ್ತು.

ಅವತ್ತು ಕತ್ತಲಾದ ಮೇಲೆ ಹೊಳಲ್ಕೆರೆಯಿಂದ ಬಿ.ದುರ್ಗಕ್ಕೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಹಿಂದೆ ರೇಡಿಯೋದ ಗಾಜಿನ ಬ್ಯಾಟರಿ ಕಟ್ಟಿತ್ತು. ಹತ್ತಿ ತುಳಿದರೆ ಒಳಗಿನ ಆಸಿಡ್ ಚೆಲ್ಲುತ್ತದೆ, ಅದಕ್ಕೇ ನಡಿಗೆ. ಕೆರೆ ಏರಿಯ ಮೇಲಿನ ಆಲದಮರದ ಕೆಳಗೆ ಬಂದ. ಗಾಳಿ ನಿಂತಿತು. ಬ್ಯಾಟರಿಯೊಳಗೆ ಗುಳಕ್... ಗುಳಕ್... ಅವನ ಹೆಜ್ಜೆಗೆ ಸರಿಯಾಗಿ. ಅವನು ನಿಂತ. ಸದ್ದು ನಿಲ್ಲಲಿಲ್ಲ. ಗುಳಕ್... ಯಾರದೋ ಗಂಟಲಲ್ಲಿ ನೀರು ಇಳಿದ ಹಾಗೆ.

ಹೆದರಿಕೆಗಿಂತ ಅವನಿಗೆ ಸಿಟ್ಟೇ ಬಂತು. ಯಾಕೆ ಅಂತ ಹೇಳುತ್ತೇನೆ.

ಆ ರೇಡಿಯೋ ಬಿ.ದುರ್ಗದ ರೇವಣಸಿದ್ದಪ್ಪನದು. ಅಡಿಕೆ ಧಾರಣೆ ಕೇಳುವುದಕ್ಕೆ ತಂದಿದ್ದೇನೆ ಅಂತ ಊರಿಗೆಲ್ಲ ಹೇಳಿದ್ದ. ಸುಳ್ಳು. ಮೈಸೂರಿಗೆ ಕೊಟ್ಟಿದ್ದ ಅವನ ಮಗಳು ವೀರಮ್ಮ ಬರುವ ಸೋಮವಾರ ರಾತ್ರಿ ಅಲ್ಲಿಯ ರೇಡಿಯೋದಲ್ಲಿ ವಚನ ಹಾಡುವವಳಿದ್ದಳು. ಮಾನವಂತರ ಮನೆ ಹೆಣ್ಣು ನಾಲ್ಕು ಜನರೆದುರು ಹಾಡುವುದೇ ಅಂತ ಅವಳ ಮೇಲೆ ಮುನಿಸಿಕೊಂಡು, ಪಂಚಮಿ ಹಬ್ಬಕ್ಕೂ ಕರೆಯದೆ ಕೂತಿದ್ದವನು ಇದೇ ಅಪ್ಪ. ಒಳಗೆ ಮಾತ್ರ ಕರುಳು ಚುರುಕ್ ಅನ್ನುತ್ತಿತ್ತು. ಹೆಂಡತಿ ಮಹಾದೇವಮ್ಮ ಮಗಳ ದನಿ ಕೇಳಿ ವರ್ಷಗಳಾಗಿದ್ದವು. ಆಕೆ ಪಂಚಾಕ್ಷರಪ್ಪನನ್ನು ಅಡುಗೆಮನೆ ಬಾಗಿಲಿಗೆ ಕರೆದು, "ಆಕಿ ದನಿ ಒಂದ್ಸಲ ಕೇಳ್ಸಪ್ಪ. ಇನ್ನೇನೂ ಬ್ಯಾಡ" ಅಂದಿದ್ದಳು.

ಅದೇನು ಮಹಾ, ಅಂದಿದ್ದ ಪಂಚಾಕ್ಷರಪ್ಪ. ಮಾಡಿನ ಮೇಲೆ ತಂತಿ ಎಳೆದ. ದೂರದ ಮೈಸೂರು ಕೇಳಬೇಕಾದರೆ ಇನ್ನೊಂದು ತಂತಿಗೆ ತಾಮ್ರದ ತಗಡು ಕಟ್ಟಿ ಹಸಿ ನೆಲದಲ್ಲಿ ಹೂಳಬೇಕು. ಬೇಸಿಗೆ, ನೆಲವೆಲ್ಲ ಕಲ್ಲು. ಹಿತ್ತಿಲ ಗೋಡೆ ಮಗ್ಗುಲಲ್ಲಿ ಮೊರದಗಲ ಜಾಗ ಮಾತ್ರ ಯಾಕೋ ಹಸಿಯಾಗಿತ್ತು. ಅಲ್ಲೇ ಹೂತ. ಸಿಡಿಲು ಬಡಿದರೆ ಇಲ್ಲಿಗೇ ಇಳಿಯುತ್ತದೆ, ಯಾರೂ ಹತ್ತಿರ ಸುಳಿಯಬೇಡಿ ಅಂತ ಮನೆಮಂದಿಗೆಲ್ಲ ಗದರಿಸಿದ. ಮಹಾದೇವಮ್ಮ ಏನೋ ಹೇಳಲು ಬಾಯಿ ತೆರೆದಳು. ಗಂಡನ ಮುಖ ನೋಡಿ ಒಳಗೆ ಹೋದಳು.

ಮೊದಲ ಸಂಜೆ ಕುಂಯ್... ಅಂದು ನಾಗಸ್ವರ ಕೇಳಿಸಿತು. ಮರುದಿನ ಪೆಟ್ಟಿಗೆ ಸತ್ತಿತ್ತು. ಗುಂಡಿ ತಿರುವಿದರೆ ಟಕ್ ಅನ್ನುತ್ತದೆ, ಒಳಗಿನ ಗಾಜಿನ ವಾಲ್ವ್ ಕೆಂಪಾಗುವುದಿಲ್ಲ. ವಾಲ್ವ್ ಕಿತ್ತು ಒರೆಸಿ ಕೂರಿಸಿದ. ಗುಂಡಿಯ ಕಿಲುಬು ಕೆರೆದ. ಒಂದೊಂದೇ ತಂತಿ ಬೆರಳಲ್ಲಿ ಹಿಡಿದು ಹುಡುಕಿದ, ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ಎಲ್ಲ ಸರಿ. ಕೊನೆಗೆ ಬ್ಯಾಟರಿ ನೋಡಿದರೆ ಅದು ಒಣಗಿದೆ. ಗಾಜು ಸೀಳಿಲ್ಲ, ಹಲಗೆ ಒದ್ದೆಯಿಲ್ಲ. ಆಸಿಡ್ ತಳದಲ್ಲಿ ಎಣ್ಣೆಯ ಹಾಗೆ ಉಳಿದಿದೆ, ನೀರಷ್ಟೇ ಹೋಗಿದೆ.

ಚಿತ್ರದುರ್ಗದ ಆಸ್ಪತ್ರೆಯಿಂದ ಬಟ್ಟಿ ಇಳಿಸಿದ ನೀರು ತಂದು ತುಂಬಿದ. ಹೊಳಲ್ಕೆರೆಯ ಅಕ್ಕಿ ಗಿರಣಿಗೆ ಹೊತ್ತು ಚಾರ್ಜ್ ಮಾಡಿಸಿದ. ಬೆಳಗಾದರೆ ಮತ್ತೆ ಒಣಗು. ಮತ್ತೆ ಹೊತ್ತ, ಮತ್ತೆ ಒಣಗಿತು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ, ಅಂತ ರೇವಣಸಿದ್ದಪ್ಪ ಜಗಲಿಯಿಂದಲೇ ಚುಚ್ಚುತ್ತಿದ್ದ. ಪಂಚಾಕ್ಷರಪ್ಪನಿಗೆ ಊಟ ಸೇರದು, ನಿದ್ದೆ ಹತ್ತದು. ಪೆಟ್ಟಿಗೆ ಎತ್ತಿ ಬಾವಿಗೆ ಎಸೆಯುವಷ್ಟು ರೋಸಿಹೋಗಿದ್ದ.

ನಾನು ಹೇಳಿದ ರಾತ್ರಿ ಸೋಮವಾರ. ಆಲದಮರ ದಾಟಿ ರೇವಣಸಿದ್ದಪ್ಪನ ಮನೆಗೆ ಬಂದು ದೀಪ ಹಿಡಿದ. ಗಿರಣಿಯಲ್ಲಿ ಕಂಠದವರೆಗೆ ತುಂಬಿಸಿದ್ದ ಬ್ಯಾಟರಿ... ತಳ ಕಾಣುತ್ತಿತ್ತು.

ರೇವಣಸಿದ್ದಪ್ಪ ಎದ್ದು ಜಗಲಿಗೆ ಹೋದ. ಆಗ ಮಹಾದೇವಮ್ಮ ಹತ್ತಿರ ಬಂದು ಪಿಸುಗುಟ್ಟಿದಳು.

"ತಂತಿ ಹೂತಿದೀಯಲ್ಲ... ಅಲ್ಲಿ ನಾನು ದಿನಾ ನೀರು ಹಾಕ್ತಿದ್ದೆ."

"ಯಾಕೆ ದೊಡ್ಡಮ್ಮ?"

"ನಮ್ಮತ್ತೆಗೆ."

ಪ್ಲೇಗಿನ ವರ್ಷ ಅತ್ತೆ ಜ್ವರದಲ್ಲಿ ನೀರು, ನೀರು ಅಂತ ಬೇಡಿದ್ದಳಂತೆ. ಜ್ವರಕ್ಕೆ ನೀರು ಕೊಡಬಾರದು ಅಂತ ಹಿರಿಯರ ಅಪ್ಪಣೆ. ಹೊಸ ಸೊಸೆ ಚೆಂಬು ಹಿಡಿದು ಬಾಗಿಲಲ್ಲೇ ನಿಂತಳು, ಒಳಗೆ ಹೋಗಲಿಲ್ಲ. ಬೆಳಗಿನ ಹೊತ್ತಿಗೆ ಮುದುಕಿ ಹೋಗಿದ್ದಳು. ಲಿಂಗ ಕಟ್ಟಿದವರು ದೆವ್ವವಾಗುವುದಿಲ್ಲ, ಸತ್ತವರಿಗೆ ನೀರಿಡುವುದು ತಪ್ಪು ಅಂತ ಮಠದವರು ಹೇಳುತ್ತಾರೆ. ಅದಕ್ಕೇ ಯಾರಿಗೂ ಹೇಳದೆ, ದೀಪ ಹಚ್ಚುವ ಹೊತ್ತಿಗೆ ಅತ್ತೆ ಸತ್ತ ಕೋಣೆಯ ಹಿಂದೆ, ಗೋಡೆ ಮಗ್ಗುಲಲ್ಲಿ ಒಂದು ಚೆಂಬು ಸುರಿಯುತ್ತಿದ್ದಳು. ಇವನು ಸಿಡಿಲಿನ ಹೆದರಿಕೆ ಹಾಕಿದ ಮೇಲೆ ನಿಂತಿತ್ತು.

ಬೇರೆ ದಿನವಾಗಿದ್ದರೆ ಪಂಚಾಕ್ಷರಪ್ಪ ನಕ್ಕುಬಿಡುತ್ತಿದ್ದ. ಅವತ್ತು, "ಹಾಕ್ರಿ ದೊಡ್ಡಮ್ಮ" ಅಂದ.

ಇಬ್ಬರೂ ಹಿತ್ತಿಲಿಗೆ ಹೋದರು. ಆಕೆ ಬಾವಿಯಿಂದ ಸೇದಿ ಸುರಿದಳು. ಗುಳಕ್... ಗುಳಕ್... ಗುಳಕ್... ಆಮೇಲೆ ನೆಲದ ಮಟ್ಟದಿಂದ ಒಂದು ಉದ್ದನೆಯ ಉಸಿರು. ಹಾ...

ಅವನು ಒಳಗೆ ಓಡಿ ಗುಂಡಿ ತಿರುವಿದ. ಟಕ್. ಏನೂ ಇಲ್ಲ. ಆಸ್ಪತ್ರೆ ನೀರಿನ ಸೀಸೆ ಬರಿದು, ಗಿರಣಿ ಮುಚ್ಚಿದೆ. ಮತ್ತೆ ಟಕ್. ಹಾಡಿನ ಹೊತ್ತು ಬಂತು... ಕಳೆಯಿತು. ಅವನು ತಲೆ ಮೇಲೆ ಕೈ ಹೊತ್ತು ಗೋಡೆಗೊರಗಿ ಅತ್ತುಬಿಟ್ಟ. ಮಹಾದೇವಮ್ಮ ಮಾತ್ರ ತಲೆ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಆ ಮೂಗ ಪೆಟ್ಟಿಗೆಯ ಮುಂದೆ ಕೂತೇ ಇದ್ದಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದಳು.

"ಚೆಂದ ಹಾಡಿದ್ಲು" ಅಂದಳು. "ನಡುವೆ ಗಂಟ್ಲು ಒಣಗಿ ನಿಂತ್ಲು, ಪಾಪ. ನೀರು ಕುಡಿದ ಮ್ಯಾಲೆ ಮತ್ತೆ ಎತ್ಕಂಡ್ಲು."

ದುಃಖಕ್ಕೆ ದೊಡ್ಡಮ್ಮನ ತಲೆ ಕೆಟ್ಟಿತು ಅಂದುಕೊಂಡ ಪಂಚಾಕ್ಷರಪ್ಪ. ಜಗಲಿಯಲ್ಲಿದ್ದ ರೇವಣಸಿದ್ದಪ್ಪನೂ ಹಾಗೇ ಅಂದುಕೊಂಡಿರಬೇಕು. ಹೆಂಡತಿ ಮೂಗ ಪೆಟ್ಟಿಗೆಯ ಮುಂದೆ ಕೂತಿದ್ದನ್ನು ಅವನಿಗೆ ನೋಡಲಾಗಲಿಲ್ಲ. ಆ ವರ್ಷದ ಪಂಚಮಿಗೆ ಮಗಳನ್ನು ತಾನೇ ಹೋಗಿ ಕರೆತಂದ.

ಪಂಚಾಕ್ಷರಪ್ಪ ತಪ್ಪಾಯಿತು ಅನ್ನಲು ಹೋದ. ಕೇಳದೆ ಇದ್ದದ್ದೇ ಒಳ್ಳೆಯದಾಯಿತು ಅಂತ ವೀರಮ್ಮ ನಕ್ಕಳು. ವಚನದ ನಡುವೆ ಗಂಟಲು ಒಣಗಿ ದನಿಯೇ ಹೊರಡಲಿಲ್ಲವಂತೆ. ಹಾಡುವಾಗ ಆ ಕೋಣೆಯ ಬಾಗಿಲು ಹಾಕಿರುತ್ತಾರೆ, ಯಾರೂ ಬರುವ ಹಾಗಿಲ್ಲ. ಆದರೂ ಒಬ್ಬ ಮುದುಕಿ ಬಂದು ಚೆಂಬು ನೀರು ಕೊಟ್ಟಳಂತೆ, ಕುಡಿಯುವವರೆಗೂ ನಿಂತಿದ್ದಳಂತೆ. ವೀರಮ್ಮ ಹುಟ್ಟುವ ಮೊದಲೇ ಅಜ್ಜಿ ಸತ್ತಿದ್ದಳು, ಮುಖ ಕಂಡವಳಲ್ಲ.

"ಅಲ್ಲೇ ಕೆಲ್ಸ ಮಾಡೋರು ಯಾರೋ ಅಂದ್ಕಂಡೆ ಅಣ್ಣ" ಅಂದಳು. "ಆದ್ರೆ ಆ ನೀರು... ನಮ್ಮ ಹಿತ್ಲು ಬಾವಿ ನೀರಿನಂಗೆ ಸವುಳು."

ಇದು ಪಂಚಾಕ್ಷರಪ್ಪನ ಬಾಯಿಂದಲೇ ನಾನು ಕೇಳಿದ್ದು, ಒಂದಕ್ಷರ ಸೇರಿಸಿಲ್ಲ. ಮೈಸೂರಿನ ನಲ್ಲಿ ನೀರು ಸಿಹಿ. ಬೇಕಾದರೆ ಹೋಗಿ ಕುಡಿದು ನೋಡಿ.